ಉಪ್ಪುನೀರಿನ ತೊಟ್ಟಿಯ ಎರಡು ಸೊನ್ನೆಗಳು

ಅಕ್ವೇರಿಯಂ ಕೆಲಸ ಅಂದರೆ ಮೀನಿನ ಜೊತೆ ಕೆಲಸ ಅಂದುಕೊಂಡು ಹುಡುಗ ಹುಡುಗಿಯರು ಬರುತ್ತಾರೆ. ನಾನೂ ಹಾಗೇ ಬಂದವಳು. ಬಸವನಗುಡಿಯ ಒಂದು ಅಡ್ಡರಸ್ತೆಯ ಅಂಗಡಿಯಲ್ಲಿ, ಉಪ್ಪುನೀರಿನ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ಹೋದ ವರ್ಷ ಬಿಟ್ಟೆ. ಲೆಕ್ಕ ಹಾಕಿ ನೋಡಿದರೆ ಅಷ್ಟು ವರ್ಷಗಳಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಮೀನಿಲ್ಲದ ನೀರನ್ನೇ. ಗಿರಾಕಿಗಳಿಂದ ಹೆಚ್ಚು ಸಲ ಕೇಳಿಸಿಕೊಂಡ ಮಾತು, “ಮೀನು ಯಾವಾಗ ಬಿಡ್ತೀರಿ ಮೇಡಂ?”

ಹೊಸಬರಿಗಾಗಿ ಮೊದಲು ವಿಷಯ ಹೇಳಿಬಿಡುತ್ತೇನೆ. ಮೀನಿನ ಉಚ್ಚೆಯಿಂದ, ತಿನ್ನದೆ ಬಿಟ್ಟ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಸಮುದ್ರದಲ್ಲಿ ಅದು ಲೆಕ್ಕಕ್ಕಿಲ್ಲ. ನಾಲ್ಕು ಅಡಿ ಗಾಜಿನ ತೊಟ್ಟಿಯಲ್ಲಿ ಅದು ಮೀನಿನ ಕಿವಿರು ಸುಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಈ ಅಮೋನಿಯಾ ತಿಂದು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಸ್ವಲ್ಪ ಇದ್ದರೆ ಮೀನು ತಡೆದುಕೊಳ್ಳುತ್ತದೆ. ಜಾಸ್ತಿಯಾದಾಗ ನಾವು ನೀರು ಬದಲಿಸುತ್ತೇವೆ. ಈ ಎರಡೂ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ, ಮರಳಿನ ಒಳಗೆ ನೆಲೆ ಊರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಇದಕ್ಕೇ ತೊಟ್ಟಿಯನ್ನು ಸೈಕಲ್ ಮಾಡುವುದು ಅನ್ನುತ್ತೇವೆ. ಹೊರಗಿನಿಂದ ನೋಡುವವರಿಗೆ ಆ ಆರು ವಾರ ಏನೂ ಕಾಣಿಸುವುದಿಲ್ಲ. ಕಲ್ಲು, ಮರಳು, ನೀರು, ಪಂಪಿನ ಸದ್ದು. ನಮ್ಮ ಕೆಲಸ ಇರುವುದು ಅಲ್ಲೇ.

ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿ, ಬೇರೆ ಕೆಲಸ ಸಿಗುವ ತನಕ ಇರಲಿ ಅಂತ ಆ ಅಂಗಡಿಗೆ ಸೇರಿದೆ. ಮಾಲೀಕರು ಬೋರೇಗೌಡರು. ಮಾಗಡಿ ಕಡೆಯ ಬೇಸಾಯದ ಮನೆಯವರು, ಓದಿದ್ದು ಎಸ್ಸೆಸ್ಸೆಲ್ಸಿ. ನೀರಿನ ಪರೀಕ್ಷೆಗೆ ಅವರ ಬಳಿ ಇದ್ದ ಸಾಧನ ಮೂಗು. ತೊಟ್ಟಿಯ ಮುಚ್ಚಳ ಎತ್ತಿ, ಬಗ್ಗಿ, ಒಂದು ಸಲ ಉಸಿರೆಳೆದುಕೊಂಡು “ಇನ್ನೂ ಹಸಿ” ಅನ್ನುತ್ತಿದ್ದರು, ಇಲ್ಲವೇ “ಆಗಿದೆ” ಅನ್ನುತ್ತಿದ್ದರು. ನಾನು ಕಿಟ್ ತಂದು, ಟ್ಯೂಬಿನಲ್ಲಿ ಹನಿ ಹಾಕಿ, ಬಣ್ಣ ನೋಡಿ ಹೇಳುವ ಹೊತ್ತಿಗೆ ಅವರ ಮಾತೇ ನಿಜವಾಗಿರುತ್ತಿತ್ತು. ಇದು ನನಗೆ ಅವಮಾನ ಅನಿಸುತ್ತಿತ್ತು.

ಆಗ ಮದ್ರಾಸಿನಿಂದ ಲಾರಿಯಲ್ಲಿ ಕ್ಯಾನುಗಟ್ಟಲೆ ಸಮುದ್ರದ ನೀರೇ ಬರುತ್ತಿತ್ತು. ಕಲ್ಲೂ ಸಮುದ್ರದ್ದೇ, ಒದ್ದೆ ಗೋಣಿಯಲ್ಲಿ ಸುತ್ತಿ ಬರುತ್ತಿತ್ತು. ಬೇಕಾದ ಬ್ಯಾಕ್ಟೀರಿಯಾ ಅದರ ಜೊತೆಗೇ ಬಂದುಬಿಡುತ್ತಿದ್ದವು. ಅದರ ಮೇಲೆ ಎರಡು ನೀಲಿ ಡ್ಯಾಮ್ಸೆಲ್ ಮೀನು ಬಿಡುವುದು ರೂಢಿ. ಗಟ್ಟಿ ಜಾತಿ ಅದು. ಅವುಗಳ ಉಚ್ಚೆಯಿಂದ ತೊಟ್ಟಿ ಶುರುವಾಗಬೇಕು. ಅಂಗಡಿಯಲ್ಲಿ ಅವಕ್ಕೆ ‘ಪರೀಕ್ಷೆ ಮೀನು’ ಅನ್ನುತ್ತಿದ್ದೆವು. ಬದುಕಿದರೆ ತೊಟ್ಟಿ ಸಿದ್ಧ, ಸತ್ತರೆ ಇನ್ನೆರಡು. ಮೂಲೆಯಲ್ಲಿ ಬಾಲ ಮಡಚಿಕೊಂಡು, ಬಾಯಿ ತೆರೆದು ಮುಚ್ಚುತ್ತ ನಿಂತ ಆ ಮೀನುಗಳನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಆದರೂ ಹದಿನೈದು ವರ್ಷ ನಾನೇ ಬಿಟ್ಟೆ. ಎಷ್ಟು ಸತ್ತವು ಅಂತ ಬರೆದಿಡಲಿಲ್ಲ.

ಹನುಮಂತನಗರದ ಒಂದು ಮನೆಯ ಕಥೆ ಹೇಳಬೇಕು, ಯಾಕೆಂದರೆ ಇಂಥದ್ದು ನಿಮಗೂ ಆಗುತ್ತದೆ. ಆರು ವಾರ ಕಾದು ಸೈಕಲ್ ಮುಗಿಸಿ, ಪರೀಕ್ಷೆ ಮೀನು ವಾಪಸ್ ತೆಗೆದುಕೊಂಡು, ನಾಳೆ ಬೇರೆ ಮೀನು ತರುತ್ತೇನೆ ಅಂತ ಹೇಳಿ ಬಂದಿದ್ದೆ. ಮಾರನೇ ದಿನ ಹೋದರೆ ಕಲ್ಲುಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಮನೆಯ ಹಿರಿಯಮ್ಮ ಸಂತೋಷದಿಂದ ಬಾಗಿಲಲ್ಲೇ ನಿಂತಿದ್ದರು.

“ಕಲ್ಲೆಲ್ಲಾ ಕಂದು ಕಂದಾಗಿ ಪಾಚಿ ಹಿಡ್ದಿತ್ತಮ್ಮ. ಹೊಸ ಮೀನು ಬರ್ತಿದೆ, ಗಲೀಜಿರಬಾರ್ದು ಅಂತ ಎಲ್ಲಾ ಈಚೆ ತೆಗ್ದು ಪಾತ್ರೆ ತೊಳೆಯೋ ಸಬೀನದಲ್ಲಿ ಉಜ್ಜಿಸ್ದೆ. ನೀರೂ ಹೊಸದು.”

“ನೀರು ಎಲ್ಲೀದು ಹಾಕಿದ್ರಿ?”

“ನಲ್ಲೀದು. ಕಾವೇರಿ.”

ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಕ್ಲೋರಿನ್, ಸೋಪು ಎರಡೂ ಸೇರಿ ಆರು ವಾರದ ಕೆಲಸವನ್ನು ಅರ್ಧ ಗಂಟೆಯಲ್ಲಿ ತೊಳೆದಿದ್ದವು. ಆಕೆಯ ಮೇಲೆ ಕೋಪ ಮಾಡಿಕೊಳ್ಳಲು ಆಗಲಿಲ್ಲ. ಆ ಕಂದು ಪದರವೇ ತೊಟ್ಟಿ ಪಕ್ವವಾಗುತ್ತಿರುವ ಗುರುತು ಅಂತ ನಾನು ಅವರಿಗೆ ಹೇಳಿರಲಿಲ್ಲ. ಅವರ ಮಗನಿಗೆ ಮಾತ್ರ ಹೇಳಿದ್ದೆ. ಅವನು ದಿನವೂ ಆಫೀಸಿನಲ್ಲಿ. ಅಲ್ಲಿಂದಾಚೆಗೆ ಮನೆಯಲ್ಲಿ ಯಾರು ಕಸ ಗುಡಿಸುತ್ತಾರೋ, ಯಾರು ಒರೆಸುತ್ತಾರೋ ಅವರನ್ನು ಕೂರಿಸಿಕೊಂಡು ಹೇಳಲು ಶುರು ಮಾಡಿದೆ.

ನನ್ನ ದೊಡ್ಡ ತಪ್ಪು ಇದಕ್ಕಿಂತ ಬೇರೆ. ಅದನ್ನು ಬರೆಯದೆ ಉಳಿದದ್ದೆಲ್ಲ ಬರೆದರೆ ಈ ಬರಹಕ್ಕೆ ಅರ್ಥವಿಲ್ಲ.

ಚಾಮರಾಜಪೇಟೆಯಲ್ಲಿ ಒಂದು ಸಣ್ಣ ಡಯಾಲಿಸಿಸ್ ಕೇಂದ್ರ ಇತ್ತು. ಹಳೆಯ ಮನೆಯ ನಡುಮನೆಯಲ್ಲಿ ಏಳು ಕುರ್ಚಿ, ಏಳು ಯಂತ್ರ. ಕಿಡ್ನಿ ಕೆಟ್ಟವರು ವಾರಕ್ಕೆ ಮೂರು ದಿನ ಬಂದು ನಾಲ್ಕು ಗಂಟೆ ಕೂರುತ್ತಿದ್ದರು. ಕೈಗೆ ಎರಡು ಸೂಜಿ, ಎದ್ದು ಓಡಾಡುವಂತಿಲ್ಲ. ಎದುರಿಗೆ ಬರೀ ಗೋಡೆ. ಆ ಗೋಡೆಗೆ ಒಂದು ಉಪ್ಪುನೀರಿನ ತೊಟ್ಟಿ ಇಡೋಣ ಅಂತ ಯಾರೋ ದಾನಿಗಳು ಹೇಳಿ, ಕೆಲಸ ನಮ್ಮ ಅಂಗಡಿಗೆ ಬಂತು. ಕೇಂದ್ರ ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ಸುಮಿತ್ರ. ಅವರು ಹಾಕಿದ್ದು ಒಂದೇ ಷರತ್ತು.

“ಪರೀಕ್ಷೆ ಮೀನು ಅದೂ ಇದೂ ಇಲ್ಲಿ ಬೇಡ. ಇಲ್ಲಿ ಯಾವ್ದೂ ಸಾಯಬಾರ್ದು.”

ನನಗೂ ಅದೇ ಬೇಕಾಗಿತ್ತು, ಒಪ್ಪಿದೆ. ಅಷ್ಟು ಹೊತ್ತಿಗೆ ನಮ್ಮ ಪದ್ಧತಿ ಬದಲಾಗಿತ್ತು. ಸಮುದ್ರದ ನೀರು, ಒದ್ದೆ ಕಲ್ಲು ಬರುವುದು ನಿಂತು, ಪುಡಿ ಉಪ್ಪು ಮತ್ತು ಒಣ ಕಲ್ಲು ಬಂದಿದ್ದವು. ಡಯಾಲಿಸಿಸ್ ಯಂತ್ರಗಳಿಗಾಗಿ ಮಹಡಿಯ ಮೇಲೆ ನೀರು ಶುದ್ಧ ಮಾಡುವ ದೊಡ್ಡ ಆರ್‌ಒ ಘಟಕ ಇತ್ತು. ಅಷ್ಟು ಒಳ್ಳೆಯ ನೀರು ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಅದಕ್ಕೆ ಉಪ್ಪು ಬೆರೆಸಿ, ಸಾಂದ್ರತೆ ಸರಿ ಮಾಡಿ, ಒಣ ಕಲ್ಲು ಚೆನ್ನಾಗಿ ತೊಳೆದು ಜೋಡಿಸಿ, ಪಂಪು ಹೀಟರು ಹಾಕಿದೆ. ಮೂರು ವಾರ ದಿನ ಬಿಟ್ಟು ದಿನ ಪರೀಕ್ಷೆ ಮಾಡಿದೆ. ಅಮೋನಿಯಾ ಸೊನ್ನೆ. ನೈಟ್ರೈಟ್ ಸೊನ್ನೆ. ನೈಟ್ರೇಟ್ ಸೊನ್ನೆ. ಇಷ್ಟು ಚೊಕ್ಕ ತೊಟ್ಟಿ ನನ್ನ ಜೀವನದಲ್ಲೇ ನೋಡಿಲ್ಲ ಅಂದುಕೊಂಡು, ನಾಲ್ಕನೇ ವಾರ ಮೀನು ತಂದೆ.

ಏಳು ಕುರ್ಚಿಗೆ ಏಳು ಮೀನು. ಆ ಐಡಿಯಾ ನನ್ನದೇ. ಸೋಮವಾರ ಬೆಳಗಿನ ಸರದಿಯವರಿಗೆ ಒಬ್ಬೊಬ್ಬರಿಗೂ ಒಂದೊಂದು ಮೀನು ತೋರಿಸಿ, “ಇದು ನಿಮ್ಮದು” ಅಂದೆ. ಅಕ್ಕಿಪೇಟೆಯ ಮಂಡಿಯಲ್ಲಿ ನಲವತ್ತು ವರ್ಷ ಅಕ್ಕಿಯ ದರ್ಜೆ ನೋಡುವ ಕೆಲಸ ಮಾಡಿದ್ದ ನಂಜುಂಡಪ್ಪ ಅಂತ ಒಬ್ಬರಿದ್ದರು. ಅವರಿಗೆ ಕಿತ್ತಳೆ ಬಣ್ಣದ ಕ್ಲೌನ್. ಪಕ್ಕದ ಕುರ್ಚಿಯಲ್ಲಿ ಗೀತಾ, ಇಪ್ಪತ್ತಾರು ವರ್ಷದವಳು, ಲಗ್ನಪತ್ರಿಕೆ ಟೈಪ್ ಮಾಡುವ ಡಿಟಿಪಿ ಅಂಗಡಿಯಲ್ಲಿ ಕೆಲಸ. ಅವಳಿಗೆ ಹಳದಿ ಟ್ಯಾಂಗ್. ಅವಳು ಹೆಚ್ಚು ಮಾತಾಡುವವಳಲ್ಲ. ಅವತ್ತು ಫೋನಿನಲ್ಲಿ ತಾಯಿಗೆ, “ನಂಗೂ ಒಂದು ಮೀನು ಕೊಟ್ಟಿದಾರೆ” ಅಂದಿದ್ದು ಕೇಳಿಸಿತು.

ಬುಧವಾರ ಎಲ್ಲ ಮೀನೂ ಮೇಲಕ್ಕೆ ಬಂದು ಬಾಯಿ ಬಿಡುತ್ತಿವೆ ಅಂತ ಸಿಸ್ಟರ್ ಫೋನ್ ಮಾಡಿದರು. ನಾನು ಮಲ್ಲೇಶ್ವರದಲ್ಲಿದ್ದೆ. ಗಾಳಿ ಪಂಪು ಜಾಸ್ತಿ ಮಾಡಿ, ಸಂಜೆ ಬರುತ್ತೇನೆ ಅಂದೆ. ಸಂಜೆ ಹೋಗಿ ಸ್ವಲ್ಪ ನೀರು ಬದಲಿಸಿ ಬಂದೆ. ಪರೀಕ್ಷೆ ಮಾಡಲಿಲ್ಲ, ಕಿಟ್ ಅಂಗಡಿಯಲ್ಲಿತ್ತು. ಶುಕ್ರವಾರ ಬೆಳಗಿನ ಸರದಿ ನಡೆಯುವಾಗ ಹಳದಿ ಟ್ಯಾಂಗ್ ಮೊದಲು ಅಡ್ಡ ಬಿತ್ತು. ಆಮೇಲೆ ಕ್ಲೌನ್. ನಾನು ತಲುಪುವ ಹೊತ್ತಿಗೆ ಐದು ಹೋಗಿದ್ದವು. ಏಳು ಜನ ಕೈಗೆ ಸೂಜಿ ಚುಚ್ಚಿಸಿಕೊಂಡು ಅದರ ಎದುರಿಗೇ ಕೂತಿದ್ದರು. ಎದ್ದು ಹೋಗುವಂತಿಲ್ಲ. ಗೀತಾ ಮುಖ ಆ ಕಡೆ ತಿರುಗಿಸಿಕೊಂಡು ಕಣ್ಣು ಮುಚ್ಚಿದ್ದಳು. ಸಿಸ್ಟರ್ ತೊಟ್ಟಿಗೆ ಒಂದು ಬೆಡ್‌ಶೀಟ್ ಹೊದಿಸಿದ್ದರು.

“ಏನಾಯ್ತು?” ಅಂತ ಕೇಳಿದರು ಸಿಸ್ಟರ್.

“ಬರೋ ದಾರೀಲಿ ಕಾಯಿಲೆ ಅಂಟಿಕೊಂಡಿರುತ್ತೆ ಸಿಸ್ಟರ್. ಮಾರೋರ ಕಡೆಯಿಂದ್ಲೇ ಆಗಿರೋದು,” ಅಂದೆ.

ಅದು ಸುಳ್ಳು. ಏನಾಗಿದೆ ಅಂತ ನನಗೆ ಗೊತ್ತಿರಲಿಲ್ಲ, ಆದರೆ ನನ್ನಿಂದ ಆಗಿದೆ ಅನ್ನುವುದು ಗೊತ್ತಿತ್ತು.

ಉಳಿದ ಎರಡು ಮೀನನ್ನು ಅಂಗಡಿಯ ತೊಟ್ಟಿಗೆ ತಂದು ಬಿಟ್ಟು, ಬೋರೇಗೌಡರ ಮುಂದೆ ನನ್ನ ನೋಟ್‌ಬುಕ್ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ಓದಿದರು.

“ಮೂರೂ ಸೊನ್ನೇನಾ? ಮೊದಲ್ನೇ ದಿನದಿಂದ್ಲೂ?”

“ಹೂಂ ಸರ್.”

“ಒಂದು ದಿನಾನೂ ಅಮೋನಿಯಾ ಏರಿಲ್ಲ?”

“ಇಲ್ಲ.”

ಅವರು ಪುಸ್ತಕ ಮುಚ್ಚಿದರು. “ಹಂಗಾದ್ರೆ ಅಲ್ಲಿ ಏನೂ ನಡ್ದೇ ಇಲ್ಲ ಕಣಮ್ಮ. ಒಲೇನೇ ಹಚ್ಚಿಲ್ಲ ನೀನು. ಅನ್ನ ಸೀದಿಲ್ಲ ಅಂತ ಸಂತೋಷಪಟ್ಟಿದೀಯ.”

ಅಷ್ಟೇ ವಿಷಯ. ಶುದ್ಧ ನೀರು, ತೊಳೆದ ಒಣ ಕಲ್ಲು. ಅಮೋನಿಯಾ ಹುಟ್ಟಲು ತೊಟ್ಟಿಯೊಳಗೆ ಏನೂ ಇರಲಿಲ್ಲ. ಹಾಗಾಗಿ ಅದನ್ನು ತಿನ್ನುವ ಬ್ಯಾಕ್ಟೀರಿಯಾವೂ ಬೆಳೆದಿರಲಿಲ್ಲ. ಸೈಕಲ್ ಮುಗಿದ ತೊಟ್ಟಿಯಲ್ಲಿ ಅಮೋನಿಯಾ ಸೊನ್ನೆ ಇರುತ್ತದೆ. ಶುರುವೇ ಆಗದ ತೊಟ್ಟಿಯಲ್ಲೂ ಸೊನ್ನೆಯೇ ಇರುತ್ತದೆ. ಟ್ಯೂಬಿನಲ್ಲಿ ಎರಡೂ ಒಂದೇ ಹಳದಿ. ವ್ಯತ್ಯಾಸ ಗೊತ್ತಾಗುವುದು ನೈಟ್ರೇಟ್ ನೋಡಿದರೆ, ಮತ್ತು ನಡುವಿನ ದಿನಗಳಲ್ಲಿ ಅಂಕಿ ಏರಿ ಇಳಿದಿದೆಯೇ ಅಂತ ನೋಡಿದರೆ. ಬಿ.ಎಸ್ಸಿ. ಓದಿದ ನನಗೆ ಇದು ಹೊಳೆದಿರಲಿಲ್ಲ. ಒದ್ದೆ ಕಲ್ಲಿನಿಂದ, ಪರೀಕ್ಷೆ ಮೀನಿನಿಂದ ತಾನಾಗಿ ಆಗುತ್ತಿದ್ದುದನ್ನು ನಾನು ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಮುಂದಿನ ಸೋಮವಾರ ಗೀತಾ ಡಯಾಲಿಸಿಸ್‌ಗೆ ಬರಲಿಲ್ಲ. ಬುಧವಾರವೂ ಬರಲಿಲ್ಲ. ಗುರುವಾರ ಉಸಿರು ಕಟ್ಟಿ, ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆಗೆ ಸೇರಿಸಿದರು. ಶುಕ್ರವಾರ ನಾನು ತೊಟ್ಟಿ ಖಾಲಿ ಮಾಡಲು ಹೋದಾಗ ಸಿಸ್ಟರ್ ಸುಮಿತ್ರ ನನ್ನನ್ನು ಮೆಟ್ಟಿಲ ಹತ್ತಿರ ಕರೆದು ಹೇಳಿದರು.

“ಮೀನಿನಿಂದ ಹೀಗಾಯ್ತು ಅಂತ ನಾನು ಹೇಳಲ್ಲ. ಅವಳಿಗೆ ಬರೋಕೆ ಬೇಜಾರು ಮೊದ್ಲೂ ಇತ್ತು. ಆದ್ರೆ ಅವರಮ್ಮ ಕೇಳಿದ್ದಕ್ಕೆ, ‘ನಂದೇ ಮೊದ್ಲು ಸತ್ತಿದ್ದು’ ಅಂದ್ಲಂತೆ. ನಿಮಗೆ ಹೇಳ್ದೆ ಇರೋಕೆ ನನ್ನ ಕೈಲಿ ಆಗ್ತಿಲ್ಲ.”

“ಬದುಕ್ತಾಳಾ?”

“ಇವತ್ತು ಪರವಾಗಿಲ್ಲ. ಐಸಿಯುನಿಂದ ಈಚೆ ಹಾಕಿದಾರೆ.”

ನಾನು ಒಳಗೆ ಹೋಗಿ ಕುರ್ಚಿಗಳ ಮುಂದೆ ನಿಂತೆ. ಆರು ಜನ ಇದ್ದರು.

“ಹೋದ ವಾರ ನಾನು ಸುಳ್ಳು ಹೇಳಿದೆ. ಮೀನಿಗೆ ಯಾವ ಕಾಯಿಲೇನೂ ಇರಲಿಲ್ಲ. ತೊಟ್ಟಿ ಸಿದ್ಧವಾಗೋ ಮುಂಚೆ ನಾನೇ ತಂದು ಬಿಟ್ಟೆ. ಅವುಗಳ ಹೊಲಸು ನೀರಲ್ಲೇ ಉಳೀತು. ಅದನ್ನ ತೆಗೆಯೋಕೆ ಏನೂ ಇರಲಿಲ್ಲ.”

ನಂಜುಂಡಪ್ಪನವರು ತಮ್ಮ ಪಕ್ಕದ ಯಂತ್ರದ ಕಡೆ ಒಮ್ಮೆ ನೋಡಿದರು. “ಹಂಗಾದ್ರೆ ಆ ಮೀನಿಗೂ ನಮ್ದೇ ತೊಂದರೆ,” ಅಂದರು. ಆಮೇಲೆ, “ಮತ್ತೆ ಮಾಡೋದಾದ್ರೆ ಎಷ್ಟು ದಿನ ಬೇಕು?”

“ಆರು ವಾರ. ಜಾಸ್ತೀನೂ ಆಗ್ಬಹುದು.”

“ನಾವೆಲ್ಲಿ ಹೋಗ್ತೀವಿ. ಮಾಡಿ.”

ನಂಬಿಕೆಯಿಂದ ಹೇಳಿದರೋ, ಬೇಸರದಿಂದ ಹೇಳಿದರೋ ಆವತ್ತು ಗೊತ್ತಾಗಲಿಲ್ಲ.

ಬೋರೇಗೌಡರು ಎರಡು ಡ್ಯಾಮ್ಸೆಲ್ ಬಿಡು, ಬೇಗ ಆಗುತ್ತೆ ಅಂದರು. ಅವರ ಮಾತಿಗೆ ಅಷ್ಟು ವರ್ಷದಲ್ಲಿ ಮೊದಲ ಸಲ ಇಲ್ಲ ಅಂದೆ. ಕೆಮಿಕಲ್ ಅಂಗಡಿಯಿಂದ ಶುದ್ಧ ಅಮೋನಿಯಂ ಕ್ಲೋರೈಡ್ ತಂದೆ, ನೀರಿಗೆ ಬಿದ್ದರೆ ಅಮೋನಿಯಾ ಕೊಡುವ ಪುಡಿ. ಕಾಲೇಜಿನ ಲ್ಯಾಬಿನಲ್ಲಿ ಲೆಕ್ಕ ಹಾಕುತ್ತಿದ್ದ ಹಾಗೆ ಹಾಕಿ, ಅಳೆದು ಹೊಸದಾಗಿ ತುಂಬಿದ ಉಪ್ಪುನೀರಿಗೆ ಸೇರಿಸಿದೆ. ನಮ್ಮ ಅಂಗಡಿಯ ಹಳೆಯ ತೊಟ್ಟಿಯಿಂದ ಒಂದು ಕಲ್ಲು, ಎರಡು ಹಿಡಿ ಮರಳು ತಂದು ಹಾಕಿದೆ, ಬ್ಯಾಕ್ಟೀರಿಯಾಕ್ಕೆ ಹೆಪ್ಪು ಹಾಕಿದ ಹಾಗೆ. ಗೌಡರು ನೋಡುತ್ತ ನಿಂತಿದ್ದು, “ಮೀನಿಲ್ದೆ ಹೊಲಸು ಮಾಡ್ತಿದೀಯ. ನೋಡೋಣ,” ಅಂದರು.

ಪರೀಕ್ಷೆಯ ಟ್ಯೂಬುಗಳನ್ನು ಈ ಸಲ ಕೇಂದ್ರದಲ್ಲೇ ಇಟ್ಟೆ. ಮೊದಲ ದಿನ ನಾನು ಟ್ಯೂಬ್ ಎತ್ತಿ, ಸೀಲಿಂಗಿನ ದೀಪಕ್ಕೆ ಹಿಡಿದು ಬಣ್ಣ ನೋಡುತ್ತಿದ್ದಾಗ ನಂಜುಂಡಪ್ಪನವರು ಕರೆದರು.

“ಅಲ್ಲಮ್ಮ, ಟ್ಯೂಬ್‌ಲೈಟಲ್ಲಿ ಅಕ್ಕಿ ನೋಡಿದ್ರೆ ಎಲ್ಲಾ ಬಿಳೀನೇ ಕಾಣುತ್ತೆ. ಕಿಟಕಿ ಹತ್ರ ಹೋಗು. ಹಿಂದೆ ಒಂದು ಬಿಳೀ ಕಾಗದ ಹಿಡಿ. ಬಿಸಿಲು ನೇರ ಬೀಳಬಾರ್ದು.”

ಹಾಗೇ ಹಿಡಿದು ಅವರಿಗೆ ತೋರಿಸಿದೆ. ಬಣ್ಣದ ಪಟ್ಟಿಯನ್ನೂ ಕೊಟ್ಟೆ. ಅವರು ಎರಡನ್ನೂ ನೋಡಿ, “ನಾಲ್ಕನೇದಲ್ಲ, ಮೂರಕ್ಕೂ ನಾಲ್ಕಕ್ಕೂ ಮಧ್ಯೆ,” ಅಂದರು. ನಾನು ನಾಲ್ಕು ಅಂತ ಬರೆಯುವವಳಿದ್ದೆ. ಅಂದಿನಿಂದ ಬಣ್ಣ ಓದುವುದು ಅವರು, ಬರೆಯುವುದು ನಾನು. ಅವರು ಹೇಳಿಕೊಟ್ಟ ಈ ಕ್ರಮವನ್ನು ನನ್ನ ಕೆಲಸದ ಕೊನೆಯ ದಿನದವರೆಗೂ ಬಿಡಲಿಲ್ಲ. ಈಗಿನ ಹುಡುಗರು ಟ್ಯೂಬಿನ ಫೋಟೋ ತೆಗೆದು ಫೋನಿನಲ್ಲಿ ಕಳಿಸಿ, “ಎಷ್ಟು ಮೇಡಂ?” ಅಂತ ಕೇಳುತ್ತಾರೆ. ಫೋನಿನ ಬಣ್ಣ ನಂಬಬೇಡಿ. ಕಿಟಕಿಗೆ ಹೋಗಿ.

ಎರಡನೇ ವಾರ ಗೀತಾ ವಾಪಸ್ ಬಂದಳು. ತೆಳ್ಳಗಾಗಿದ್ದಳು. ನಾನು ಹತ್ತಿರ ಹೋಗಿ ಹೇಳಬೇಕು ಅಂತ ಸಿದ್ಧ ಮಾಡಿಕೊಂಡಿದ್ದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು.

“ನಂಜುಂಡಪ್ಪ ತಾತ ಹೇಳಿದ್ರು ಬಿಡಿ,” ಅಂದಳು. “ಮತ್ತೆ ನಮ್ಮ ನಮ್ಮ ಹೆಸರಿಗೆ ಮೀನು ಕೊಡ್ಬೇಡಿ.”

“ಇಲ್ಲ.”

ಅವಳು ತನ್ನ ಕುರ್ಚಿಯನ್ನು ತೊಟ್ಟಿಗೆ ಬೆನ್ನಾಗುವಂತೆ ತಿರುಗಿಸಿಕೊಂಡಿದ್ದಳು. ಸಿಸ್ಟರ್ ಹಾಗೇ ಬಿಟ್ಟರು.

ಮೂರನೇ ವಾರ ನೈಟ್ರೈಟ್ ಟ್ಯೂಬು ಮೊದಲ ಸಲ ತಿಳಿನೀಲಿಯಿಂದ ನೇರಳೆಗೆ ತಿರುಗಿತು. ಅಮೋನಿಯಾ ಇಳಿಯತೊಡಗಿತು. ಆ ಪುಟಗಳನ್ನು ಈಗಲೂ ಇಟ್ಟುಕೊಂಡಿದ್ದೇನೆ, ಅಂಕಿಗಳು ಏರಿ ಇಳಿದಿದ್ದು ನೋಡಲು. ನಾಲ್ಕನೇ ವಾರ ಕಲ್ಲಿನ ಮೇಲೆ, ಗಾಜಿನ ಮೇಲೆ ಕಂದು ಪದರ ಕಟ್ಟಿತು. ಹನುಮಂತನಗರದ ಪಾಠ ನೆನಪಿದ್ದುದರಿಂದ ಈ ಸಲ ನೆಲ ಒರೆಸುವ ಯಲ್ಲಮ್ಮನಿಂದ ಹಿಡಿದು ಎಲ್ಲರಿಗೂ ಮೊದಲೇ ಹೇಳಿದ್ದೆ. ಯಾರೂ ಮುಟ್ಟಲಿಲ್ಲ. ಬೇರೆ ಸರದಿಯ ರೋಗಿಗಳು ಗಲೀಜು ಅಂದರೆ ನಮ್ಮ ಸರದಿಯವರೇ ವಿವರಿಸುತ್ತಿದ್ದರು. ಏನೂ ಇಲ್ಲದ ತೊಟ್ಟಿಯನ್ನು ಇಷ್ಟು ಜನ ನೋಡುತ್ತಿದ್ದುದು ನನ್ನ ಅನುಭವದಲ್ಲಿ ಅದೊಂದೇ.

ಆರನೇ ವಾರ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದವು. ನೈಟ್ರೇಟ್ ಟ್ಯೂಬು ಮಾತ್ರ ಕಡುಗೆಂಪು, ಅಂದರೆ ಜಾಸ್ತಿ ಇದೆ. ದಾನಿಗಳು ಬಂದು ಹೋಗುವವರಿದ್ದರು, ಅಷ್ಟರೊಳಗೆ ಮೀನು ಬಿಡಿ ಅಂತ ಕೇಂದ್ರದ ಟ್ರಸ್ಟಿಯೊಬ್ಬರು ಫೋನ್ ಮಾಡಿದರು. ಇನ್ನೊಂದು ಪರೀಕ್ಷೆ ಬಾಕಿಯಿದೆ ಅಂದೆ. ಮತ್ತೆ ಮೊದಲಿನಷ್ಟೇ ಅಮೋನಿಯಾ ಹಾಕಿ, ಒಂದು ದಿನ ಕಾದು ನೋಡಬೇಕು. ಒಂದೇ ದಿನದಲ್ಲಿ ಎಲ್ಲವೂ ಹೋದರೆ ಮಾತ್ರ ತೊಟ್ಟಿ ಸಿದ್ಧ. ಮೊದಲ ಸಲ ನೈಟ್ರೈಟ್ ಸ್ವಲ್ಪ ಉಳಿಯಿತು. ದಾನಿಗಳು ಖಾಲಿ ತೊಟ್ಟಿ ನೋಡಿ ಹೋದರು. ಗೌಡರಿಗೆ ದೂರು ಹೋಯಿತು. ಅವರು ನನ್ನನ್ನು ಕರೆದು, “ಇನ್ನೆಷ್ಟು ದಿನ?” ಅಂತ ಕೇಳಿದರು. ಒಂದು ವಾರ ಅಂದೆ. “ಸರಿ, ನಾನು ಹೇಳ್ತೀನಿ ಅವ್ರಿಗೆ,” ಅಂದರು. ಅದಾದ ಮೇಲೆ ನಮ್ಮ ಅಂಗಡಿಯಲ್ಲಿ ಪರೀಕ್ಷೆ ಮೀನು ಮಾರುವುದು ನಿಂತಿತು. ಈಗ ಬಾಟಲಿಯಲ್ಲೇ ಬ್ಯಾಕ್ಟೀರಿಯಾ ಸಿಗುತ್ತದೆ. ಎರಡು ದಿನದಲ್ಲಿ ಸಿದ್ಧ ಅಂತ ಅದರ ಮೇಲೆ ಬರೆದಿರುತ್ತದೆ. ಬಳಸಿ, ಬೇಡ ಅನ್ನುವುದಿಲ್ಲ. ಕೊನೆಯ ಆ ಒಂದು ದಿನದ ಪರೀಕ್ಷೆ ಮಾತ್ರ ಬಿಡಬೇಡಿ.

ಏಳನೇ ವಾರ ಪರೀಕ್ಷೆ ಪಾಸಾಯಿತು. ಮುಕ್ಕಾಲು ಪಾಲು ನೀರು ಬದಲಿಸಿ ನೈಟ್ರೇಟ್ ಇಳಿಸಿದೆ. ಸೋಮವಾರ ಬೆಳಿಗ್ಗೆ ಎರಡೇ ಎರಡು ಸಣ್ಣ ಕ್ಲೌನ್ ತಂದೆ. ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಒಂದು ಗಂಟೆ ಹನಿ ಹನಿಯಾಗಿ ತೊಟ್ಟಿಯ ನೀರು ಸೇರಿಸಿದೆ. ನಂಜುಂಡಪ್ಪನವರು ಕೊನೆಯ ಟ್ಯೂಬು ನೋಡಿ, “ಹಳದಿ. ಚೊಕ್ಕ ಹಳದಿ,” ಅಂದರು.

ಮೀನು ಬಿಡುವ ಮುಂಚೆ ಗೀತಾ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

“ಹೋದ ಸಲಾನೂ ಸೊನ್ನೆ ಅಂತಾನೇ ಹೇಳಿದ್ರಲ್ಲ ನೀವು?”

“ಹೇಳಿದ್ದೆ. ಆಗ ಯಾಕೆ ಸೊನ್ನೆ ಅಂತ ಗೊತ್ತಿರಲಿಲ್ಲ. ಈಗ ಗೊತ್ತು. ಮೊನ್ನೆ ಹಾಕಿದ್ದನ್ನ ನಿನ್ನೆ ಹೊತ್ತಿಗೆ ತೊಟ್ಟಿ ತಿಂದು ಮುಗಿಸಿದೆ.”

ಅವಳು ಸಿಸ್ಟರನ್ನು ಕರೆದು ಕುರ್ಚಿ ತಿರುಗಿಸಲು ಹೇಳಿದಳು. ಕೈಯ ನಳಿಕೆಗಳು ಎಳೆಯದಂತೆ ಸಿಸ್ಟರ್ ನಿಧಾನವಾಗಿ ತಿರುಗಿಸಿದರು. ನಾನು ಮೀನು ಬಿಟ್ಟೆ. ಎರಡೂ ನೇರವಾಗಿ ಹೋಗಿ ದೊಡ್ಡ ಕಲ್ಲಿನ ಹಿಂದೆ ಸೇರಿಕೊಂಡವು. ಹೊಸ ಜಾಗದಲ್ಲಿ ಮೀನು ಮಾಡುವುದೇ ಹಾಗೆ. ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು, ಹೊರಗೆ ಬರಲಿಲ್ಲ. ಏಳು ಜನ ಕಲ್ಲನ್ನೇ ನೋಡುತ್ತ ಕೂತಿದ್ದರು. ಸರದಿ ಮುಗಿಯಿತು. ಸಿಸ್ಟರ್ ಒಬ್ಬೊಬ್ಬರದಾಗಿ ಸೂಜಿ ತೆಗೆದು ಹತ್ತಿ ಒತ್ತಿ ಕಟ್ಟಿದರು. ನಾನು ಗೀತಾಳ ಹತ್ತಿರ ಹೋಗಿ, ಇವತ್ತು ಕಾಣಿಸಲಿಲ್ಲವಲ್ಲ, ಬೇಜಾರು ಮಾಡ್ಕೋಬೇಡ ಅಂದೆ.

ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. “ಇರ್ಲಿ ಬಿಡಿ ಮೇಡಂ. ನಾಡಿದ್ದು ಬರ್ತೀನಲ್ಲ,” ಅಂದಳು. “ಆಗ ನೋಡ್ತೀನಿ.”